ದಾರಿ ಕೇಳದ ಮೇಡಂ

ಬೀಳ್ಕೊಡುಗೆ ಭಾಷಣದಲ್ಲಿ "ಇವರು ಮೂಲತಃ..." ಅಂತ ಶುರುಮಾಡಿ ನಮ್ಮ ಪ್ರಿನ್ಸಿಪಾಲರು ನಿಂತುಬಿಟ್ಟರು. ಮುಂದಕ್ಕೆ ಒಂದು ಊರಿನ ಹೆಸರು ಬರಬೇಕಿತ್ತು. ಅವರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. ನಾನು ಪಕ್ಕದ ಕಾಮರ್ಸ್ ಮೇಷ್ಟ್ರ ಕಡೆ ನೋಡಿದೆ. ಕಾಮರ್ಸ್ ಮೇಷ್ಟ್ರು ಫ್ಯಾನಿನ ಕಡೆ ನೋಡಿದರು. ಕೊನೆಗೆ ಪ್ರಿನ್ಸಿಪಾಲರು "ಇವರು ಮೂಲತಃ ಭೌತಶಾಸ್ತ್ರದವರು" ಅಂತ ವಾಕ್ಯ ಮುಗಿಸಿ ನೀರು ಕುಡಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಸನ್ಮಾನದ ಕುರ್ಚಿಯಲ್ಲಿ ಕೂತಿದ್ದ ಮೇಡಂ ಮಾತ್ರ ಹಾರದ ಹೂವನ್ನು ಸರಿಮಾಡಿಕೊಳ್ಳುತ್ತಾ ಸಣ್ಣಗೆ ನಕ್ಕರು.

ಇದು ಹೋದ ತಿಂಗಳ ಮಾತು. ಕೋಲಾರದ ನಮ್ಮ ಕಾಲೇಜಿನಲ್ಲಿ ಅವರು ಬಹಳ ವರ್ಷ ಫಿಸಿಕ್ಸ್ ಪಾಠ ಮಾಡಿದರು. ಅಷ್ಟು ವರ್ಷದಲ್ಲಿ ಅವರ ಊರು ಯಾವುದು, ಅಪ್ಪ ಯಾರು, ಯಾವ ಜನ ಅನ್ನುವುದು ನಮಗ್ಯಾರಿಗೂ ಗೊತ್ತಾಗಲಿಲ್ಲ. ನಾವು ಪ್ರಯತ್ನಪಡಲಿಲ್ಲ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಊಟದ ಡಬ್ಬಿಯನ್ನು ಎಲ್ಲರೂ ಓರೆಗಣ್ಣಿನಲ್ಲಿ ಓದುತ್ತಿದ್ದೆವು. ಒಂದು ದಿನ ಈರುಳ್ಳಿಯಿಲ್ಲದ ಮೊಸರನ್ನ ಕಂಡು ಒಂದು ಗುಂಪಿಗೆ ಖಾತ್ರಿಯಾಗುತ್ತಿತ್ತು. ಮರುದಿನ ಬೇಯಿಸಿದ ಮೊಟ್ಟೆ ಕಂಡು ಇನ್ನೊಂದು ಗುಂಪಿಗೆ ಖಾತ್ರಿಯಾಗುತ್ತಿತ್ತು. ಸರ್ವಿಸ್ ರಿಜಿಸ್ಟರಿನ ಬೀಗದ ಕೈ ಇಟ್ಟುಕೊಂಡಿದ್ದ ಆಫೀಸಿನ ಗುಮಾಸ್ತರಿಗೆ ವಿಷಯ ಗೊತ್ತಿದ್ದಿರಬೇಕು. ಆದರೆ ವೈರಸ್ ಹಿಡಿದು ಮಲಗಿದ್ದ ಅವರ ಕಂಪ್ಯೂಟರಿಗೆ ಮೇಡಂ ಲಿನಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಎಬ್ಬಿಸಿ ಕೂರಿಸಿದ್ದರು, ಆವತ್ತಿನಿಂದ ಗುಮಾಸ್ತರು ಪೂರ್ತಿ ಅವರ ಪಕ್ಷ ಸೇರಿ ಬಾಯಿ ಹೊಲಿದುಕೊಂಡಿದ್ದರು.

ಮೇಡಂ ಒಂಟಿ. ಬಾಡಿಗೆ ಮನೆ ಹುಡುಕುವಾಗ ಪ್ರತಿ ಬಾಗಿಲಲ್ಲೂ "ನೀವು ಯಾವ ಜನ?" ಅಂತ ಕೇಳಿಸಿಕೊಂಡು ವಾಪಸ್ ಬಂದಿದ್ದರಂತೆ. ಕೊನೆಗೆ ಮನೆ ಕೊಟ್ಟವರು ಹಾರ್ಡ್‌ವೇರ್ ಅಂಗಡಿಯ ಸಾಹೇಬರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಾನಿ ಕಿತ್ನಾ ಹೋನಾ ಮೇಡಂ? ದಿನಕ್ಕೆ ಎಷ್ಟು ಬಿಂದಿಗೆ?" ಕೋಲಾರದಲ್ಲಿ ಆ ಪ್ರಶ್ನೆಗೆ ಅರ್ಥವಿದೆ, ಅದಕ್ಕೇ ಒಪ್ಪಿಕೊಂಡೆ ಅಂತ ಮೇಡಂ ಹೇಳುತ್ತಿದ್ದರು. ಕಾಲೇಜಿನಲ್ಲಿ ಯಾರಾದರೂ ನೇರವಾಗಿ ಜಾತಿಯ ಸುತ್ತಮುತ್ತ ಬಂದರೆ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಲು ಶುರುಮಾಡುತ್ತಿದ್ದರು. ಒಂದು ಗಾಜು, ಆಮೇಲೆ ಇನ್ನೊಂದು ಗಾಜು. ಒರೆಸಿ ಮುಗಿಯುವ ಹೊತ್ತಿಗೆ ಕೇಳಿದವನಿಗೇ ಒಂಥರಾ ಆಗಿ, ಟೊಮ್ಯಾಟೊ ರೇಟಿನ ಕಡೆಗೆ ಮಾತು ತಿರುಗಿಸಿಕೊಂಡು ಹೋಗುತ್ತಿದ್ದ.

ಅವರ ಜೊತೆ ನಾನು ಹೆಚ್ಚು ಓಡಾಡಿದ್ದು ಪರೀಕ್ಷೆಯ ಸ್ಕ್ವಾಡ್ ಕೆಲಸಕ್ಕೆ. ಎಲ್ಲೆಲ್ಲಿ ಪರೀಕ್ಷೆ ನಡೆಯುತ್ತಿದೆಯೋ ಅಲ್ಲಿಗೆ ಹೇಳದೆ ಕೇಳದೆ ಹೋಗಿ ಕಾಪಿ ಹಿಡಿಯುವುದು ನಮ್ಮ ಕೆಲಸ. ಅವರೇ ಓಡಿಸುವ ಹಳೇ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಕೂತವರ ತೊಡೆಯ ಮೇಲೆ ಅವರ ಲ್ಯಾಪ್‌ಟಾಪ್ ಬಂದು ಕೂರುತ್ತಿತ್ತು. ಕಪ್ಪು ಬಣ್ಣದ್ದು, ಒಳ್ಳೇ ಭಾರ, ಅರ್ಧ ಗಂಟೆಯಲ್ಲಿ ತೊಡೆ ಬೇಯಿಸುತ್ತಿತ್ತು. ಬ್ಯಾಟರಿ ಯಾವತ್ತೋ ಸತ್ತಿತ್ತು, ಹಾಗಾಗಿ ಕಾರಿನ ಸಾಕೆಟ್ಟಿಗೆ ಗುಂಯ್‌ಗುಡುವ ಒಂದು ಡಬ್ಬಿ ಸಿಕ್ಕಿಸಿ ಅಲ್ಲಿಂದ ಕರೆಂಟು. ಕಾರಿನ ನೆತ್ತಿಯ ಮೇಲೆ ನಿಪ್ಪಟ್ಟಿನಷ್ಟು ಅಗಲದ ಜಿಪಿಎಸ್ ಬಿಲ್ಲೆ, ಬೀಳದಿರಲಿ ಅಂತ ತಳದಲ್ಲಿ ಅಯಸ್ಕಾಂತ. ಅದರ ವೈರು ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು. ಮೇಡಂ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೇನೋ ಟೈಪ್ ಮಾಡುವರು. ಸ್ವಲ್ಪ ಹೊತ್ತು ಏನೂ ಆಗದು. "ಸ್ಯಾಟಲೈಟ್ ಹುಡುಕ್ತಿದೆ, ಇರಿ" ಅನ್ನುವರು. ಫೋನ್ ನೋಡಿಕೊಂಡು ಹೊರಟವನು ಆ ಹೊತ್ತಿಗೆ ಅರ್ಧ ದಾರಿ ಹೋಗಿ ಟೀ ಕುಡಿಯುತ್ತಿರುತ್ತಿದ್ದ. ಕೊನೆಗೂ ಜಿಲ್ಲೆಯ ನಕ್ಷೆ ಮೂಡಿ ಅದರ ಮೇಲೆ ಒಂದು ನೀಲಿ ಬಾಣ ಅಲುಗಾಡುತ್ತಿತ್ತು. ಆ ಬಾಣ ಅಂದರೆ ನಾವು.

"ಇಷ್ಟೆಲ್ಲ ಯಾಕೆ ಮೇಡಂ, ಫೋನಲ್ಲೇ ಬರುತ್ತಲ್ಲ?" ಅಂತ ಮೊದಲ ದಿನವೇ ಕೇಳಿದ್ದೆ.

"ಫೋನಿನ ಮ್ಯಾಪು ನನ್ನನ್ನ ನೋಡುತ್ತೆ. ಇದನ್ನ ನಾನು ನೋಡ್ತೀನಿ" ಅಂದರು. ಆಮೇಲೆ ಪಾಠ ಶುರುವಾಯಿತು. ಈ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು. ನಕ್ಷೆಯನ್ನೂ ಊರೂರಿನ ಜನ ಸೇರಿ ಬರೆದದ್ದು, ಯಾರು ಬೇಕಾದರೂ ಅದಕ್ಕೆ ಒಂದು ದಾರಿ ಸೇರಿಸಬಹುದು. "ನಾಳೆ ನೀವು ನಿಮ್ಮನೆ ಹಿಂದಿನ ಸಂದಿ ಸೇರಿಸ್ಬಹುದು."

"ನಮ್ಮನೆ ಹಿಂದೆ ಸಂದಿ ಇಲ್ಲ ಮೇಡಂ, ಚರಂಡಿ."

"ಚರಂಡೀನೂ ಸೇರಿಸ್ಬಹುದು."

ಆವತ್ತು ನಾವು ಹೊರಟಿದ್ದು ಶ್ರೀನಿವಾಸಪುರದ ಆಚೆಯ ಒಂದು ಕೇಂದ್ರಕ್ಕೆ. ಮಾವಿನ ಕಾಲ. ತೋಟದ ನಡುವಿನ ದಾರಿಯಲ್ಲಿ ಲಾರಿಗಳು ಬಿಟ್ಟುಹೋದ ಗುಂಡಿಗಳಿಗೆ ಕಾರು ಎದ್ದುಬಿದ್ದು ಸಾಗುವಾಗ ವೈರು ಅಲುಗಾಡಿ ಬಾಣದ ತಲೆ ಕೆಟ್ಟಿತು. ನಾವು ಹುಣಸೆ ಮರದ ಕೆಳಗೆ ಇದ್ದೆವು. ಬಾಣ ಮಾತ್ರ ಪಕ್ಕದ ಕೆರೆಯ ಒಳಗೆ ನೆಟ್ಟಗೆ ಹೋಗಿ ನಡುನೀರಿನಲ್ಲಿ ನಿಂತಿತು. ಎದುರಿಗೆ ಒಬ್ಬ ತೋಟದ ಕಾವಲಿನವನು ಬೀಡಿ ಸೇದುತ್ತಾ ಕೂತಿದ್ದ. ನಾನು ಗಾಜು ಇಳಿಸಿದೆ. ಮೇಡಂ ತಮ್ಮ ಕಡೆಯ ಗುಂಡಿ ಒತ್ತಿ ಅದನ್ನು ಏರಿಸಿದರು.

"ಕೇಳ್ಬೇಡಿ."

"ಎದುರಿಗೇ ಕೂತವ್ನೆ ಮೇಡಂ!"

"ನಾವು ಸ್ಕ್ವಾಡು. ಇವನಿಗೆ ಕೇಳಿದ್ರೆ ನಾವು ಹೋಗೋಕೆ ಮುಂಚೆ ಸುದ್ದಿ ಹೋಗುತ್ತೆ."

ತರ್ಕ ಸರಿಯಾಗಿತ್ತು. ನಾವು ತಲುಪಿದಾಗ ಪರೀಕ್ಷೆ ಮುಗಿದು ಹುಡುಗರು ಗೇಟಿನ ಹೊರಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದರು. ಅಲ್ಲಿನ ಸೂಪರಿಂಟೆಂಡೆಂಟರು ಗಾಬರಿಯಿಂದ ಓಡಿಬಂದು "ನೀವು ಬರ್ತೀರಂತ ಯಾರೂ ಹೇಳ್ಲೇ ಇಲ್ವಲ್ಲ ಮೇಡಂ" ಅಂದರು. ಮೇಡಂ ಹೆಮ್ಮೆಯಿಂದ ನನ್ನ ಮುಖ ನೋಡಿದರು.

ಇನ್ನೊಂದು ಸಲ ಮುಳಬಾಗಿಲಿನ ಕಡೆ ನಾನೇ ಹಟ ಹಿಡಿದು ಕಾರು ನಿಲ್ಲಿಸಿ ಕಟ್ಟೆಯ ಮೇಲಿದ್ದ ಒಬ್ಬ ಯಜಮಾನರನ್ನು ಕೇಳಿದೆ. ಅವರು ಎದ್ದು ಬಂದು ಕಿಟಕಿಗೆ ಮೊಣಕೈ ಊರಿದರು. "ಯಾರ ಮನೆಗೆ? ನೀವು ಯಾರ ಕಡೇರು? ಆಯಮ್ಮ ಯಾರು, ಮನೇವರಾ? ಅಲ್ವಾ? ಮತ್ತೆ ಒಟ್ಟಿಗೆ ಬಂದಿದ್ದೀರಾ?" ಆಮೇಲೆ ಮೇಡಂ ಕಡೆ ಬಗ್ಗಿ, "ಪಿಲ್ಲಲೆಂತಮಂದಿ ಅಮ್ಮಾ? ಮಕ್ಕಳೆಷ್ಟು? ಯಾವ ಜನ ಆಗ್ಬೇಕು?" ಮೇಡಂ ಕನ್ನಡಕ ತೆಗೆದರು. ನಾನು ಬೆವರುತ್ತಾ ನನ್ನ ಮೂರು ತಲೆಮಾರು ಒಪ್ಪಿಸಿ, ದಾರಿ ಹೇಳಿ ಅಂದೆ. ಅವರು ತಲೆ ಕೆರೆದುಕೊಂಡು, "ನಾನೂ ಈ ಊರೋನಲ್ಲ ಸ್ವಾಮಿ, ಹೆಣ್ಣು ನೋಡೋಕೆ ಬಂದಿದ್ದೀನಿ" ಅಂದರು.

ಕಾರು ಮುಂದೆ ಹೋದ ಮೇಲೆ ಮೇಡಂ ಹೇಳಿದರು: "ಲ್ಯಾಪ್‌ಟಾಪೂ ದಾರಿ ತಪ್ಪಿಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ತಪ್ಸೋಕೆ ಮುಂಚೆ ಮಕ್ಕಳೆಷ್ಟು ಅಂತ ಕೇಳಲ್ಲ." ಅವರು ದಾರಿ ಕೇಳದೆ ಇರುವುದಕ್ಕೂ ಸ್ಕ್ವಾಡಿಗೂ ಏನೂ ಸಂಬಂಧವಿಲ್ಲ ಅಂತ ನನಗೆ ಆವತ್ತು ಅರ್ಥವಾಯಿತು. ಯಾರ ಪ್ರಶ್ನೆಗೂ ತಲೆಬಾಗದೆ ಈ ನಾಲ್ಕು ತಾಲೂಕು ಓಡಾಡಬೇಕು ಅನ್ನುವುದು ಅವರ ಹಟ.

ಆ ಹಟಕ್ಕೆ ಪೆಟ್ಟು ಬಿದ್ದದ್ದು ಬೈರಕೂರಿನ ಕಡೆಯ ಒಂದು ಹಳ್ಳಿಯಲ್ಲಿ ಎನ್‌ಎಸ್‌ಎಸ್ ಶಿಬಿರ ಹಾಕಿದಾಗ. ನಮ್ಮ ಹುಡುಗರು ಚರಂಡಿ ಕ್ಲೀನ್ ಮಾಡುವುದು, ಗಿಡ ನೆಡುವುದು, ಸಾಯಂಕಾಲ ನನ್ನ ಭಾಷಣ ಕೇಳುವುದು ಅಂತ ಕಾರ್ಯಕ್ರಮ. ಮೇಡಂ ಇನ್ನೊಂದು ಸೇರಿಸಿದರು: ಊರಿನ ನಕ್ಷೆ ಬರೆಯುವುದು. ಕಂಪ್ಯೂಟರಿನ ನಕ್ಷೆಯಲ್ಲಿ ಆ ಊರು ಬರೀ ಒಂದು ಚುಕ್ಕೆಯಾಗಿತ್ತು. ಅವರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದು ಬೀದಿ ಬೀದಿ ನಡೆದರು. ಹಿಂದೆ ಕಾರಿನ ಬ್ಯಾಟರಿ ಹೊತ್ತ ಇಬ್ಬರು ವಿದ್ಯಾರ್ಥಿಗಳು, ಅವರ ಹಿಂದೆ ಇಡೀ ಊರು.

"ಏಮಮ್ಮಾ, ರೋಡು ಅಗಲ ಮಾಡ್ತೀರಾ?"

"ಇಲ್ಲ, ಬರ್ಕೊಳ್ತಿದ್ದೀವಿ."

"ಬರ್ಕೊಂಡ್ಮೇಲೆ ಅಗಲ ಮಾಡೋದು ತಾನೆ?"

ಊರಿನ ಮಾಜಿ ಮೆಂಬರು ಒಬ್ಬರು ಮುಂದೆ ಬಂದು ಬೀದಿಗಳ ಹೆಸರು ಹೇಳಿಕೊಟ್ಟರು. ಪ್ರತಿ ಬೀದಿಗೂ ಒಂದೊಂದು ಜನದ ಹೆಸರು. ಅವನ್ನು ನಾನಿಲ್ಲಿ ಬರೆಯುವುದಿಲ್ಲ, ಓದುವವರ ಊರಿನಲ್ಲೂ ಹೆಚ್ಚುಕಮ್ಮಿ ಅವೇ ಇರುತ್ತವೆ. ಟಾರ್ ರೋಡಿನ ಪಕ್ಕದಲ್ಲಿ, ಊರಿಗೆ ಸ್ವಲ್ಪ ಆಚೆಯೇ ನಿಂತಿದ್ದ ಸಾಲುಮನೆಗಳನ್ನು ತೋರಿಸಿ ಮೆಂಬರು, "ಅದು ಕಾಲೋನಿ. ಅದನ್ನ ಹಾಕ್ಲೇಬೇಕು ಅಂತೇನಿಲ್ಲ ಬಿಡಿ" ಅಂದರು. ಮೇಡಂ ತಲೆಯಾಡಿಸಿದರು. ಸಾಯಂಕಾಲ ಶಾಲೆಯ ಜಗಲಿಯಲ್ಲಿ ಹುಡುಗರನ್ನೆಲ್ಲ ಕೂರಿಸಿಕೊಂಡು, ನಕ್ಷೆಯಲ್ಲಿ ಹೆಸರು ಸೇರಿಸುವುದು ಹೇಗೆ, ತಪ್ಪಿದ್ದರೆ ತಿದ್ದುವುದು ಹೇಗೆ ಅಂತ ಪಾಠ ಮಾಡಿದರು. ಆಮೇಲೆ ಎಲ್ಲರ ಎದುರಿಗೇ ಹೆಸರು ಕೂರಿಸಿದರು. ಒಂದನೇ ಬೀದಿ, ಎರಡನೇ ಬೀದಿ, ಮೂರನೇ ಬೀದಿ, ನಾಲ್ಕನೇ ಬೀದಿ.

ಟಾರ್ ರೋಡಿನಿಂದ ಬಂದರೆ ಮೊದಲು ಸಿಗುವುದು ಕಾಲೋನಿ. ಹಾಗಾಗಿ ಅದು ಒಂದನೇ ಬೀದಿಯಾಯಿತು. ಮೆಂಬರ ಮನೆ ಇದ್ದದ್ದು ಎಲ್ಲಕ್ಕಿಂತ ಒಳಗೆ, ಕೆರೆಯ ಏರಿಯ ಕೆಳಗೆ. ಅದು ನಾಲ್ಕನೇದಾಯಿತು.

ಹದಿನೈದು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೇಡಂ ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ನಕ್ಷೆಯಲ್ಲಿ ಹಳೇ ಹೆಸರುಗಳು ವಾಪಸ್ ಬಂದಿದ್ದವು. ಮಾಡಿದವನು ಮೆಂಬರ ಅಣ್ಣನ ಮಗ, ನಮ್ಮದೇ ಬಿ.ಕಾಂ. ಹುಡುಗ, ಶಿಬಿರದಲ್ಲಿ ಮುಂದಿನ ಸಾಲಿನಲ್ಲೇ ಕೂತು ಪಾಠ ಕೇಳಿದ್ದ. ನಾನು ಸಿಟ್ಟಾದೆ. ಮೇಡಂ ಮಾತ್ರ ಇಣುಕಿ ನೋಡಿ, "ಒಂದು ಸ್ಪೆಲಿಂಗೂ ತಪ್ಪಿಲ್ಲ. ಚೆನ್ನಾಗಿ ಕಲ್ತಿದ್ದಾನೆ" ಅಂದು ಮತ್ತೆ ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿದರು. ಮರುವಾರ ಅವನು ತೆಗೆದ. ಇವರು ಹಾಕಿದರು. ಹೀಗೇ ನಡೆಯಿತು.

"ಅದಕ್ಕೊಂದು ಬೀಗ ಹಾಕೋಕಾಗಲ್ವಾ ಮೇಡಂ?"

"ಬೀಗ ಹಾಕಿದ್ರೆ ಅದು ನನ್ನ ಮ್ಯಾಪಾಗುತ್ತೆ. ಆಮೇಲೆ ಬೀಗ ಒಡೆದೋರ ಮ್ಯಾಪಾಗುತ್ತೆ. ತಿದ್ಲಿ ಬಿಡಿ. ನನಗೂ ಕೈ ಇದೆ."

ಒಂದು ದಿನ ಮೆಂಬರೇ ಪ್ರಿನ್ಸಿಪಾಲರ ಕೊಠಡಿಗೆ ಬಂದರು. ಮೇಡಂ ಜೊತೆ ನನ್ನನ್ನೂ ಕರೆಸಿದರು. ಮೆಂಬರು ಕೂರಲಿಲ್ಲ.

"ಏನಮ್ಮಾ, ನಮ್ಮದು ನಾಲ್ಕನೇದಾ?"

"ಹೌದು. ಗಾಡಿ ಬರೋ ಕಡೆಯಿಂದ ಎಣಿಸ್ತಾರೆ."

"ಹಂಗಾರೆ ನಮ್ಮ ಕಡೆಯಿಂದ ಎಣಿಸು."

"ನಿಮ್ಮ ಕಡೆ ಕೆರೆ ಇದೆ. ಕೆರೆ ಒಳಗಿಂದ ಗಾಡಿ ಬರಲ್ಲ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಲ್ಯಾಪ್‌ಟಾಪಲ್ಲಿ ಬರುತ್ತಲ್ಲ ಮೇಡಂ" ಅಂದುಬಿಟ್ಟೆ. ಅವರು ನೋಡಿದ ನೋಟಕ್ಕೆ ನಾನು ಸುಮ್ಮನೆ ಕಿಟಕಿಯ ಕಡೆ ತಿರುಗಿದೆ. ಮೆಂಬರು ಪ್ರಿನ್ಸಿಪಾಲರನ್ನು ಹಿಡಿದುಕೊಂಡರು.

"ಸಾರ್, ಈಯಮ್ಮ ಯಾರು?"

"ಫಿಸಿಕ್ಸು."

"ಅದಲ್ಲ ಸಾರ್. ಯಾರು?"

"ಫಿಸಿಕ್ಸೇ" ಅಂದರು ಪ್ರಿನ್ಸಿಪಾಲರು, ಪಾಪ, ಅವರಿಗೆ ಗೊತ್ತಿದ್ದದ್ದು ಅಷ್ಟೇ.

"ಯಾರು ಅಂತ ಗೊತ್ತಾಗ್ಲಿ. ಆಮೇಲೆ ಬಿಡೋದಾ, ಹಿಡಿಯೋದಾ ನೋಡ್ತೀನಿ" ಅಂದು ಮೆಂಬರು ಹೊರಟರು. ಅವರ ಮಾತು ಮೇಲಿನ ಆಫೀಸುಗಳಲ್ಲಿ ನಡೆಯುತ್ತಿತ್ತು. ರಿಟೈರಾಗಲು ಸ್ವಲ್ಪವೇ ಉಳಿದಿದ್ದ ಮೇಡಂಗೆ ವರ್ಗವೋ ಇನ್ನೇನೋ ಆಗುವುದು ಖಂಡಿತ ಅಂತ ನಮಗೆಲ್ಲ ತಿಳಿಯಿತು. ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಜೊತೆಗೆ ಓಡಾಡ್ತೀರ. ಮೆಲ್ಲಗೆ ಕೇಳಿ ನೋಡಿ. ಅಕಸ್ಮಾತ್ ಆತನ ಜನಾನೇ ಆಗಿದ್ರೆ ಇಲ್ಲಿಗೇ ಮುಗಿಯುತ್ತೆ."

ಮಾಲೂರಿಗೆ ಸ್ಕ್ವಾಡ್ ಹೋಗುವಾಗ ದಾರಿಯಲ್ಲಿ ಮಾತು ತೆಗೆದೆ. ಮಾತು ಮೆಲ್ಲಗೇನೂ ಬರಲಿಲ್ಲ. "ಮೇಡಂ, ನೀವು ಯಾರು ಅಂತ ಒಂದು ಮಾತು ಹೇಳಿದ್ರೆ ಎಲ್ಲಾ ಸರಿಹೋಗುತ್ತಂತೆ" ಅಂದೆ.

ಅವರು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ಕನ್ನಡಕಕ್ಕೆ ಕೈ ಹಾಕಿದವರು ತೆಗೆಯಲಿಲ್ಲ.

"ನಾನು ಆ ಕಾಲೋನಿ ಜನ ಅಂತ ಹೇಳಿದ್ರೆ, ಓ ಅದಕ್ಕೇ ಅವರಿಗೆ ಒಂದನೇ ನಂಬರ್ ಕೊಟ್ಳು ಅಂತಾರೆ. ಮೆಂಬರ ಜನ ಅಂದ್ರೆ, ಓ ದೊಡ್ಡ ಮನಸ್ಸು ಅಂತ ಹೊಗಳ್ತಾರೆ. ಹೆಂಗಾದ್ರೂ ಎಲ್ರಿಗೂ ಅರ್ಥ ಆಗಿಬಿಡುತ್ತೆ. ಅರ್ಥ ಆಗೋದು ಬೇಡ ಸಾರ್. ಎಣಿಸ್ಲಿ."

ಬಾಣ ನಮ್ಮ ಹಾಗೆಯೇ ನಿಂತಿತ್ತು. ಅವರು ಗೇರ್ ಹಾಕಿದರು. ಮಾಲೂರಿನವರೆಗೆ ನಾನು ಲ್ಯಾಪ್‌ಟಾಪ್ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನನಗೆ ಅವರ ಮೇಲೆ ಇಷ್ಟೊಂದು ಪ್ರೀತಿ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಆರ್ಡರ್ ಬಂತು. ರಿಟೈರಾಗುವವರೆಗೆ ವಾರಕ್ಕೆ ಮೂರು ದಿನ ಮಾಲೂರಿನ ಕಾಲೇಜಿನಲ್ಲಿ ಪಾಠ, ಉಳಿದ ದಿನ ಕೋಲಾರ. ಮಂಡಿ ನೋವಿನ ಹೆಂಗಸಿಗೆ ಅದು ಸಣ್ಣ ಶಿಕ್ಷೆಯಲ್ಲ. ಅವರು ಯಾರ ಹತ್ತಿರವೂ ದೂರು ಹೇಳಲಿಲ್ಲ. ಮಾಲೂರಿನ ದಾರಿ ದನಕರುಗಳಿಗೂ ಗೊತ್ತು, ಆದರೂ ಪ್ರತಿ ಸಲ ಬಿಲ್ಲೆ ಕಾರಿನ ನೆತ್ತಿಗೆ ಅಂಟಿಸಿ, ಪಕ್ಕದ ಖಾಲಿ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದಕ್ಕೆ ಸೀಟ್ ಬೆಲ್ಟ್ ಹಾಕಿ ಹೋಗುತ್ತಿದ್ದರು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಕೊನೆಯ ಪ್ರಯತ್ನವಾಗಿ, "ಸಾಮಾನು ಸಾಗಿಸೋಕೆ ವ್ಯಾನ್ ಕಳಿಸ್ತೀವಿ ಮೇಡಂ, ಯಾವ ಊರಿನ ಕಡೆ ಅಂತ ಹೇಳಿದ್ರೆ..." ಅಂದರು. ಮೇಡಂ "ದಾರಿ ನನಗೆ ಗೊತ್ತಿದೆ ಸಾರ್" ಅಂದು ಹಾರವನ್ನು ಗುಮಾಸ್ತರ ಕಂಪ್ಯೂಟರಿಗೆ ಹಾಕಿ ಹೊರಟುಹೋದರು.

ಹೋದ ವಾರ ಆ ಹಳ್ಳಿಯಿಂದ ಗೃಹಪ್ರವೇಶದ ಆಮಂತ್ರಣ ಫೋನಿಗೆ ಬಂತು. ಕಳಿಸಿದವನು ಮೆಂಬರ ಅಣ್ಣನ ಮಗ. ಮೆಂಬರು ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ್ದರು. ಸ್ಥಳ ಅನ್ನುವಲ್ಲಿ ಕಣ್ಣು ಹಾಯಿಸಿದವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಾಲ್ಕನೇ ಬೀದಿ ಅಂತಿತ್ತು. ನಾನು ಹೊರಟುಬಿಟ್ಟೆ.

ಟಾರ್ ರೋಡಿನ ಪಕ್ಕ ಟೀ ಅಂಗಡಿಯ ಮುಂದೆ ನಿಲ್ಲಿಸಿ, ಅಭ್ಯಾಸಬಲದಿಂದ ದಾರಿ ಕೇಳಿದೆ. ಅಂಗಡಿಯ ಹೆಂಗಸು "ಯಾರ ಮನೆಗೆ?" ಅಂದಳು. ಹೇಳಿದೆ. "ಅವರದು ನಾಲ್ಕನೇದು. ಎಣಿಸ್ಕೊಂಡು ಹೋಗಿ. ಇದು ಒಂದನೇದು, ನಮ್ಮದು" ಅಂದಳು. 'ನಮ್ಮದು' ಅನ್ನುವಾಗ ಅವಳ ಕೈ ತಾನಾಗಿ ಬೀದಿಯ ಕಡೆ ಹೋಯಿತು. ಟೀ ಕೊಡುತ್ತಾ ಗುರುತು ಹಿಡಿದು, "ಆ ಕಂಪ್ಯೂಟರ್ ಅಮ್ಮ ಚೆನ್ನಾಗವ್ರಾ ಸಾರ್? ಆಯಮ್ಮ ನಮ್ಮೋರೇ ಅಲ್ವಾ? ಇಲ್ದಿದ್ರೆ ನಮ್ ಬೀದಿಯಿಂದ ಯಾಕೆ ಎಣಿಸ್ತಿದ್ರು?" ಅಂದಳು. ನಾನು ಟೀ ಕುಡಿದೆ.

ನಾಲ್ಕನೇ ಬೀದಿಯಲ್ಲಿ ಶಾಮಿಯಾನ ಹಾಕಿತ್ತು. ಹೆಸರು ಹೇಗೆ ನಿಂತಿತು ಅಂತ ಅಣ್ಣನ ಮಗನನ್ನು ಕೇಳಿದೆ. ಅವನು ನಾಚಿಕೊಂಡ. "ಡೆಲಿವರಿ ಹುಡುಗರು ಆ ಮ್ಯಾಪೇ ನೋಡ್ತಾರೆ ಸಾರ್. ನಾನು ಹಳೇ ಹೆಸರು ಹಾಕಿದಾಗೆಲ್ಲ ಪಾರ್ಸಲ್ ಪಕ್ಕದೂರಿನ ಅದೇ ಹೆಸರಿನ ಬೀದಿಗೆ ಹೋಗ್ತಿತ್ತು. ಎಲ್ಲಾ ಊರಲ್ಲೂ ಅದೇ ಹೆಸರು ತಾನೆ. ನನ್ನ ಶೂ ಹೋ‍ಯ್ತು, ಚಿಕ್ಕಪ್ಪ ಹೊಸ ಬಾತ್‌ರೂಮಿಗೆ ತರಿಸಿದ ಸ್ಟೀಲ್ ನಲ್ಲಿ ಹೋಯ್ತು. ಆಮೇಲೆ ಅವರೇ ಅಂದ್ರು, ಹಾಕಿ ಸಾಯಿ ಆ ನಾಲ್ಕನೇದು ಅಂತ." ಮನಸ್ಸು ಬದಲಾಗಿದ್ದಕ್ಕೆ ಕಾರಣ ಒಂದು ನಲ್ಲಿ ಅಂತ ಕೇಳಿ ಮೇಡಂ ಎಷ್ಟು ಖುಷಿಪಡುತ್ತಿದ್ದರೋ! ಹೇಳೋಣವೆಂದರೆ ಅವರ ವಿಳಾಸ ನನ್ನ ಹತ್ತಿರ ಇಲ್ಲ, ಹಳೇ ಫೋನ್ ನಂಬರೂ ಸ್ವಿಚ್ ಆಫ್.

ಅಷ್ಟರಲ್ಲಿ ಮೆಂಬರು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಾ ಹೊರಗೆ ಬಂದರು. "ಟಾರ್ ರೋಡ್ ಬಿಟ್ ತಕ್ಷಣ ಒಂದನೇದು ಸ್ವಾಮಿ, ಹಾಂ, ಅದೇ, ಅಲ್ಲಿಂದ ಎಣಿಸ್ಕೊಂಡ್ ಬನ್ನಿ, ನಮ್ಮದು ಕೊನೇದು." ಫೋನ್ ಇಟ್ಟು ನನ್ನನ್ನು ಕಂಡು ಕೈ ಹಿಡಿದುಕೊಂಡು ಹೊಸ ಬಾತ್‌ರೂಮಿನವರೆಗೆ ಇಡೀ ಮನೆ ತೋರಿಸಿದರು. ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡರು. ಪಾಯಸ ಬಂದಾಗ ತಲೆ ಬಗ್ಗಿಸಿ ದನಿ ಇಳಿಸಿದರು.

"ಆ ಮೇಡಂ ವಿಚಾರ ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅಷ್ಟು ಹಟ, ಅಷ್ಟು ಗತ್ತು. ಯೋಚನೆ ಮಾಡಿ ನೋಡ್ದೆ. ಆಯಮ್ಮ ನಮ್ಮೋರೇ ಇರ್ಬೇಕು. ಅಲ್ವಾ? ನೀವು ಜೊತೆಗಿದ್ದೋರು, ನಿಮಗೆ ಗೊತ್ತಿರುತ್ತೆ. ಹೇಳಿ."

ನಾನು ಎಲೆಯ ಮೇಲಿದ್ದ ಪಾಯಸ ಪೂರ್ತಿ ಬಳಿದು ಮುಗಿಸಿದೆ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒಂದು ಗಾಜು ಒರೆಸಿದೆ, ಆಮೇಲೆ ಇನ್ನೊಂದು. ಮೇಷ್ಟ್ರ ಕೆಲಸ ಮಾಡಿಕೊಂಡು ಬಂದ ನನಗೆ ಯಾರಾದರೂ ಏನಾದರೂ ಕೇಳಿದರೆ ಗೊತ್ತಿಲ್ಲ ಅಂದು ಅಭ್ಯಾಸವೇ ಇಲ್ಲ.

"ಗೊತ್ತಿಲ್ಲ" ಅಂದೆ. ಇಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.